ವರ್ಜೀನಿಯಾದ ಕಾರು ಕಂದಾಯಕ್ಕೆ ಒಂದು ಷರಾ

ಕಂದಾಯ ಇಲಾಖೆಗೆ ದ್ವಿತೀಯ ದರ್ಜೆ ಗುಮಾಸ್ತನಾಗಿ ಸೇರಿ ಶಿರಸ್ತೇದಾರನಾಗಿ ನಿವೃತ್ತನಾದವನು ನಾನು. ಸದ್ಯ ಅಮೆರಿಕದ ಉತ್ತರ ವರ್ಜೀನಿಯಾದಲ್ಲಿ ಮಗನ ಮನೆಯಲ್ಲಿದ್ದೇನೆ. ಕಾರಿನ ಮೇಲೆ ವರ್ಷ ವರ್ಷ ಬೀಳುವ ತೆರಿಗೆಯ ಬಗ್ಗೆ ಇಲ್ಲಿನ ನಿವಾಸಿಗಳಲ್ಲಿ ತೀವ್ರ ಅಸಮಾಧಾನ ಇರುವುದು ನನ್ನ ಗಮನಕ್ಕೆ ಬಂದಿದೆ. ಯಾರೂ ಕೇಳಿಲ್ಲವಾದರೂ ತಜ್ಞ ಅಭಿಪ್ರಾಯ ದಾಖಲಿಸುವುದು ಕರ್ತವ್ಯವೆಂದು ಭಾವಿಸಿ ಈ ಟಿಪ್ಪಣಿ ಮಂಡಿಸಿದ್ದೇನೆ. ನನ್ನ ನಿಷ್ಪಕ್ಷಪಾತದ ಬಗ್ಗೆ ಶಂಕೆ ಬೇಡ. ನನಗೆ ಇಲ್ಲಿ ಕಾರಿಲ್ಲ, ಓಡಿಸಲು ಬರುವುದಿಲ್ಲ, ಬಿಲ್ಲು ನನ್ನ ಹೆಸರಿಗೆ ಬರುವುದಿಲ್ಲ.

ಮೊದಲು ಕಡತದ ಹಿನ್ನೆಲೆ. ಕರ್ನಾಟಕದಲ್ಲಿ ಪೆಟ್ರೋಲ್ ಕಾರು ಕೊಂಡರೆ ಬೆಲೆಗೆ ತಕ್ಕಂತೆ ನೂರಕ್ಕೆ 13ರಿಂದ 18ರಷ್ಟು ಲೈಫ್ ಟ್ಯಾಕ್ಸ್, ಮೇಲೊಂದಿಷ್ಟು ಸೆಸ್, ಎಲ್ಲ ಒಂದೇ ಏಟಿಗೆ ವಸೂಲು. ಆ ದಿನ ಮಾಲೀಕನ ಹೊಟ್ಟೆ ಉರಿಯುತ್ತದೆ. ಮರುದಿನದಿಂದ ಸರ್ಕಾರ ಅವನನ್ನು ಮರೆಯುತ್ತದೆ, ಅವನು ಸರ್ಕಾರವನ್ನು ಮರೆಯುತ್ತಾನೆ. ಕಂದಾಯದ ದೃಷ್ಟಿಯಿಂದ ಇದು ತೀರಾ ಸಡಿಲವಾದ ಸಂಬಂಧ. ವರ್ಜೀನಿಯಾದವರು ಹಾಗೆ ಕೈಬಿಡುವವರಲ್ಲ. ಕೊಳ್ಳುವಾಗ ರಾಜ್ಯಕ್ಕೆ ನೂರಕ್ಕೆ 4.15. ಆಮೇಲೆ ಕಾರು ಇರುವಷ್ಟು ಕಾಲ ವರ್ಷ ವರ್ಷವೂ ಕೌಂಟಿಗೆ, ಅಂದರೆ ನಮ್ಮ ಜಿಲ್ಲೆಯಂಥ ಸ್ಥಳೀಯ ಆಡಳಿತಕ್ಕೆ. ಜನವರಿ 1ರಂದು ಕಾರಿನ ಬೆಲೆ ಎಷ್ಟೆಂದು ಗೊತ್ತುಮಾಡಿ ಅದರ ಮೇಲೆ ದರ ಕಟ್ಟುತ್ತಾರೆ. ನಮ್ಮ ಜಮಾಬಂದಿಯ ಕ್ರಮವೇ, ಹೊಲದ ಬದಲು ಹೋಂಡಾ. ಫೇರ್‌ಫ್ಯಾಕ್ಸ್ ಕೌಂಟಿಯಲ್ಲಿ ಬಹಳ ವರ್ಷಗಳಿಂದ 100 ಡಾಲರಿಗೆ 4.57 ಡಾಲರಿನ ದರ. ಆರ್ಲಿಂಗ್ಟನ್‌ನಲ್ಲಿ 5, ಅಲೆಕ್ಸಾಂಡ್ರಿಯಾದಲ್ಲಿ 5.33. ಪೊಟೋಮ್ಯಾಕ್ ನದಿ ದಾಟಿ ಮೇರಿಲ್ಯಾಂಡಿಗೆ ಹೋದರೆ ಈ ತೆರಿಗೆಯೇ ಇಲ್ಲವೆಂದು ಗೊಣಗುವವರು ಗೊಣಗುತ್ತಾರೆ. ಅಲ್ಲಿನ ಕೌಂಟಿಗಳು ನೇರವಾಗಿ ಸಂಬಳಕ್ಕೇ ಕೈಹಾಕುತ್ತವೆ ಎಂದು ನಾನು ನೆನಪಿಸಿದಾಗ ಅವರಿಗೆ ಕಾಫಿ ರುಚಿಸುವುದಿಲ್ಲ.

ಬೆಲೆ ಗೊತ್ತುಮಾಡುವುದು ಹೇಗೆ? ಜೆ.ಡಿ. ಪವರ್ ಎಂಬ ಸಂಸ್ಥೆಯ ಬೆಲೆಪಟ್ಟಿ ನೋಡಿ. ನಮ್ಮ ಸಬ್‌ರಿಜಿಸ್ಟ್ರಾರ್ ಕಚೇರಿಯ ಗೈಡೆನ್ಸ್ ವ್ಯಾಲ್ಯೂ ಇದ್ದಂತೆ ಇದು. ನಿಮ್ಮ ಕಾರು ನಿಜವಾಗಿ ಎಷ್ಟಕ್ಕೆ ಹೋದೀತು ಎಂಬುದು ನಿಮ್ಮ ಖಾಸಗಿ ನಂಬಿಕೆ, ಅದರಲ್ಲಿ ಸರ್ಕಾರ ತಲೆಹಾಕುವುದಿಲ್ಲ. ಈ ಪಟ್ಟಿ ತನ್ನ ಪೂರ್ಣ ಪ್ರತಿಭೆಯನ್ನು ತೋರಿದ್ದು 2022ರಲ್ಲಿ. ಕೋವಿಡ್ ಕಾಲದಲ್ಲಿ ಚಿಪ್ ಸಿಗದೆ ಹೊಸ ಕಾರು ಸಾಕಷ್ಟು ತಯಾರಾಗಲಿಲ್ಲ, ಜನ ಹಳೆಯ ಕಾರಿಗೇ ಮುಗಿಬಿದ್ದರು, ಅದರ ಬೆಲೆ ಗಗನಕ್ಕೇರಿತು. ಮಗನ ಮಿನಿವ್ಯಾನ್ ಆ ವರ್ಷ ಒಂದು ವರ್ಷ ಹಳತಾಗಿ, ಹಿಂದಿನ ಬಂಪರ್ ನುಗ್ಗಾಗಿ, ಮೊಮ್ಮಕ್ಕಳ ಚಕ್ಕುಲಿ ಪುಡಿ ಸೀಟಿನ ಸಂದಿಗೆಲ್ಲ ಸೇರಿಕೊಂಡಿದ್ದರೂ ಹಿಂದಿನ ವರ್ಷಕ್ಕಿಂತ ಹೆಚ್ಚು ಬೆಲೆ ಬಾಳಿತು. ವಯಸ್ಸಾದಂತೆ ಬೆಲೆ ಏರಿದ್ದು ನಮ್ಮ ವಂಶದಲ್ಲಿ ಆ ವ್ಯಾನಿನದೊಂದೇ. ಸಂತೋಷಪಡಬೇಕಾದ ಮಗ ಬಿಲ್ಲು ಹಿಡಿದುಕೊಂಡು ಅಡುಗೆಮನೆಯಲ್ಲಿ ಓಡಾಡಿದನಂತೆ. ಜನರ ಕೂಗು ಎದ್ದ ಮೇಲೆ ಫೇರ್‌ಫ್ಯಾಕ್ಸ್ ಕೌಂಟಿ ಆ ವರ್ಷ ಬೆಲೆಯ ನೂರಕ್ಕೆ 85ರಷ್ಟನ್ನು ಮಾತ್ರ ಲೆಕ್ಕಕ್ಕೆ ಹಿಡಿಯಿತು. ಇಂಥ ಮೃದುತ್ವ ಇಲಾಖೆಗೆ ಶೋಭೆಯಲ್ಲ. ಇವತ್ತು ಬೆಲೆಯಲ್ಲಿ ಬಿಟ್ಟುಕೊಟ್ಟವರು ನಾಳೆ ದರದಲ್ಲೂ ಬಿಟ್ಟುಕೊಡುತ್ತಾರೆ.

ಇನ್ನು ಈ ಕಡತದ ಅತ್ಯಂತ ಸ್ವಾರಸ್ಯಕರ ಪುಟಗಳಿಗೆ ಬರುತ್ತೇನೆ. ಈ ತೆರಿಗೆ ಇಂದಿಗೂ ಗಟ್ಟಿಯಾಗಿ ಉಳಿದಿರುವುದು ಅದನ್ನು ಸಮರ್ಥಿಸಿದವರಿಂದ ಅಲ್ಲ, ರದ್ದು ಮಾಡುತ್ತೇವೆಂದು ಹೊರಟವರಿಂದ. 1997ರ ಗವರ್ನರ್ ಚುನಾವಣೆಯಲ್ಲಿ ರಿಪಬ್ಲಿಕನ್ ಪಕ್ಷದ ಜಿಮ್ ಗಿಲ್ಮೋರ್ ಕೈಯಲ್ಲಿ ಇದ್ದದ್ದು ಮೂರೇ ಪದ: ‘ನೋ ಕಾರ್ ಟ್ಯಾಕ್ಸ್’. ಎದುರಿಗೆ ನಿಂತವರು ಡೆಮಾಕ್ರಟಿಕ್ ಪಕ್ಷದ ಡಾನ್ ಬೈಯರ್. ಕುಲಕಸುಬಿನಿಂದ ವೋಲ್ವೋ ಕಾರಿನ ಡೀಲರ್. ಮೊದಲು ಗಿಲ್ಮೋರರ ಯೋಜನೆ ಖಜಾನೆಗೆ ಭಾರವೆಂದು ಎಚ್ಚರಿಸಿ, ಜನ ಯಾವ ಕಡೆ ವಾಲುತ್ತಿದ್ದಾರೆಂದು ತಿಳಿದ ಮೇಲೆ ತಮ್ಮದೂ ಒಂದು ರಿಯಾಯಿತಿ ಯೋಜನೆ ಹೊರತಂದರು. ಆದರೂ ಸೋತರು. ಕಾರು ಮಾರುವವನನ್ನು ಕಾರಿನ ತೆರಿಗೆಯ ವಿಷಯದಲ್ಲೇ ಸೋಲಿಸಿದ ಉದಾಹರಣೆ ಬೇರೆಲ್ಲೂ ನನ್ನ ಓದಿಗೆ ಸಿಕ್ಕಿಲ್ಲ.

ಗಿಲ್ಮೋರ್ ಮಾತಿಗೆ ತಪ್ಪಲಿಲ್ಲ, ಅಂದರೆ ಆರಂಭದಲ್ಲಿ. 1998ರಲ್ಲಿ ಕಾನೂನಾಯಿತು. ಕಾರಿನ ಬೆಲೆಯ ಮೊದಲ 20,000 ಡಾಲರಿನ ಮೇಲಿನ ತೆರಿಗೆಯನ್ನು ಹಂತ ಹಂತವಾಗಿ ರಾಜ್ಯವೇ ಭರಿಸುವುದು, ಐದು ವರ್ಷದಲ್ಲಿ ಮಾಲೀಕನ ಪಾಲು ಸೊನ್ನೆಯಾಗುವುದು. ಇಲ್ಲಿ ಓದುಗರು ಒಂದು ಸೂಕ್ಷ್ಮ ಗಮನಿಸಬೇಕು. ತೆರಿಗೆ ರದ್ದಾಗಲಿಲ್ಲ. ಕೌಂಟಿ ಹಾಕುತ್ತಲೇ ಇತ್ತು, ಬಿಲ್ಲು ಮುದ್ರಣವಾಗುತ್ತಲೇ ಇತ್ತು, ಒಂದು ಭಾಗವನ್ನು ರಾಜ್ಯ ಕಟ್ಟಿಕೊಡುತ್ತಿತ್ತು, ಅಷ್ಟೆ. ತನ್ನದಲ್ಲದ ತೆರಿಗೆಯನ್ನು ರದ್ದು ಮಾಡುವುದಾಗಿ ಹೇಳಿ ಓಟು ಪಡೆಯುವುದು, ಬೈಗುಳ ಮಾತ್ರ ಕೌಂಟಿಯ ಪಾಲಿಗೆ ಬಿಡುವುದು: ನಲವತ್ತು ವರ್ಷ ಕಚೇರಿಯಲ್ಲಿದ್ದರೂ ಹೊಳೆಯದ ಯುಕ್ತಿ. ರಿಯಾಯಿತಿ ನೂರಕ್ಕೆ 70 ಮುಟ್ಟುವ ಹೊತ್ತಿಗೆ 2001 ಬಂತು, ಆರ್ಥಿಕತೆ ಮಗುಚಿತು, ಶಾಸನಸಭೆಯಲ್ಲಿ ಬಜೆಟ್ ತಿದ್ದುಪಡಿಯೇ ಸಿಕ್ಕಿಹಾಕಿಕೊಂಡಿತು. ರಿಯಾಯಿತಿ ಅಲ್ಲೇ ನಿಂತಿತು. 2004ರಲ್ಲಿ ಇನ್ನೊಂದು ಕಾನೂನು ಬಂದು, 2006ರಿಂದ ರಾಜ್ಯದ ಪಾಲು ವರ್ಷಕ್ಕೆ ಒಟ್ಟು 95 ಕೋಟಿ ಡಾಲರ್, ಅದಕ್ಕಿಂತ ಒಂದು ಸೆಂಟೂ ಹೆಚ್ಚಿಲ್ಲ ಎಂದು ಗೆರೆ ಎಳೆಯಿತು. ಕಾರುಗಳು ಹೆಚ್ಚಿದವು, ಬೆಲೆ ಹೆಚ್ಚಿತು, ಆ ಹಣ ಹೆಚ್ಚಲಿಲ್ಲ. ಮದುವೆಮನೆಯಲ್ಲಿ ಪಂಕ್ತಿ ಬೆಳೆಯುತ್ತಾ ಹೋದಂತೆ ಅದೇ ಹಂಡೆ ಸಾರಿಗೆ ನೀರು ಸುರಿದ ಹಾಗೆ, 70 ಇದ್ದ ರಿಯಾಯಿತಿ ಹಲವು ಕೌಂಟಿಗಳಲ್ಲಿ ಅರ್ಧಕ್ಕೂ ಅದಕ್ಕಿಂತ ಕೆಳಗೂ ಇಳಿಯಿತು. ದರ ಏರದೆಯೂ ಬಿಲ್ಲು ಏರುವ ಈ ವ್ಯವಸ್ಥೆಗೆ ಯಾವ ಸಭೆಯಲ್ಲೂ ಯಾರೂ ಕೈಯೆತ್ತಬೇಕಾಗಿಲ್ಲ.

ಲೆಕ್ಕ ಬೇಕಾದವರಿಗೆ: 24,000 ಡಾಲರ್ ಬೆಲೆಯ ಕಾರಿಗೆ 4.57ರ ದರದಲ್ಲಿ 1,096 ಡಾಲರ್ 80 ಸೆಂಟ್. ರಿಯಾಯಿತಿ ಅರ್ಧವೆಂದು ಹಿಡಿದರೆ ಮೊದಲ 20,000ದ ಮೇಲೆ ಸಿಗುವುದು 457 ಡಾಲರ್. ಮಾಲೀಕನಿಗೆ ಉಳಿಯುವುದು 639 ಡಾಲರ್ 80 ಸೆಂಟ್. ಹಳೆಯ 70ರ ಲೆಕ್ಕದಲ್ಲಿ ಈ 639 ಡಾಲರ್ 80 ಸೆಂಟನ್ನು ಸರ್ಕಾರ ಕಟ್ಟುತ್ತಿತ್ತು, 457 ಡಾಲರನ್ನು ಮಾಲೀಕ. ಅಂಕಿಗಳು ಅವೇ ಇವೆ, ಜಾಗ ಬದಲಾಯಿಸಿಕೊಂಡಿವೆ. 20,000ದ ಮಿತಿಯಂತೂ 1998ರಿಂದ ಕದಲಿಲ್ಲ. ಒಂದು ಸಾವಿರ ಡಾಲರಿಗಿಂತ ಹೆಚ್ಚು ಬಾಳದ ಕಾರಿಗೆ ಪೂರ್ತಿ ಮಾಫಿ ಉಂಟು. ಸೊಸೆಗೆ ಅದನ್ನು ಸೂಚಿಸಿದೆ. ಅಂಥ ಕಾರಿನಲ್ಲಿ ನೀವೇ ಕೂರಿ ಮಾವ ಎಂದಳು.

ಅಂದಹಾಗೆ 2024ರ ಕೊನೆಯಲ್ಲಿ ಆಗಿನ ಗವರ್ನರ್ ಯಂಗ್‌ಕಿನ್ ಕಾರು ತೆರಿಗೆ ಕಟ್ಟುವವರಿಗೆ ಆದಾಯ ನೋಡಿ ಒಂದಿಷ್ಟು ವಾಪಸು ಕೊಡೋಣವೆಂದರು, ಶಾಸನಸಭೆ ಅದನ್ನು ಹಾಗೇ ಒಪ್ಪಲಿಲ್ಲ. 2025ರಲ್ಲಿ ವಿನ್ಸಮ್ ಅರ್ಲ್-ಸಿಯರ್ಸ್ ಇದೇ ತೆರಿಗೆಯನ್ನು ತೆಗೆದುಹಾಕುವುದಾಗಿ ಹೇಳಿ ಗವರ್ನರ್ ಸ್ಥಾನಕ್ಕೆ ನಿಂತು ಸೋತರು. ಗಿಲ್ಮೋರರಿಂದ ಇವರವರೆಗೆ ಒಂದು ತಲೆಮಾರೇ ಕಳೆದಿದೆ. ಇಷ್ಟೊಂದು ಜನ ಕೊಡಲಿ ಎತ್ತಿಕೊಂಡು ಬಂದರೂ ಚಿಗುರುತ್ತಲೇ ಇರುವ ಮರಕ್ಕೆ ಕೃಷಿ ಇಲಾಖೆಯಲ್ಲೂ ತಳಿ ಹೆಸರಿಲ್ಲ.

ನಿವಾಸಿಗಳ ಇನ್ನೊಂದು ತಕರಾರು ತಾರತಮ್ಯದ ಬಗ್ಗೆ. ಫೇರ್‌ಫ್ಯಾಕ್ಸ್‌ನ ದರಪಟ್ಟಿಯಲ್ಲಿ ದೋಣಿಗೆ, ವಿಮಾನಕ್ಕೆ, ಆಂಟೀಕ್ ಕಾರಿಗೆ 100 ಡಾಲರಿಗೆ 1 ಸೆಂಟ್. ಅಂದರೆ ಮಕ್ಕಳನ್ನು ಈಜಿನ ತರಗತಿಗೆ ಬಿಡುವ ವ್ಯಾನಿಗೆ 4.57 ಡಾಲರ್, ಸ್ವಂತ ವಿಮಾನಕ್ಕೆ 1 ಸೆಂಟ್. ಇದರಲ್ಲಿ ಅನ್ಯಾಯವೇನೂ ಕಾಣುವುದಿಲ್ಲ. ವಿಮಾನ ಬೇಜಾರಾದರೆ ಪಕ್ಕದ ಕೌಂಟಿಗೆ ಹಾರಿಹೋಗುತ್ತದೆ, ದೋಣಿ ತೇಲಿಹೋಗುತ್ತದೆ. ವ್ಯಾನು ಎಲ್ಲಿಗೆ ಹೋದೀತು? ಮಕ್ಕಳ ಶಾಲೆ ಇಲ್ಲೇ ಇದೆಯಲ್ಲ. ಓಡಿಹೋಗಲಾರದವನ ಮೇಲೆ ಕಂದಾಯ ಕಟ್ಟುವುದು ಎಲ್ಲ ರಾಜರೂ ಒಪ್ಪಿದ ನೀತಿ. ಪಕ್ಕದ ಲೌಡನ್ ಕೌಂಟಿಯಲ್ಲಿ ಡೇಟಾ ಸೆಂಟರಿನ ಕಂಪ್ಯೂಟರುಗಳೂ ಕಾರಿನಂತೆಯೇ ಚರಾಸ್ತಿ ತೆರಿಗೆಗೆ ಒಳಪಡುತ್ತವೆ, ಕೌಂಟಿಯ ಬೊಕ್ಕಸಕ್ಕೆ ದೊಡ್ಡ ಪಾಲು ಅವುಗಳಿಂದಲೇ ಬರುತ್ತದೆ. ಅದೇ ಕೌಂಟಿಯ ಆ್ಯಶ್‌ಬರ್ನ್‌ನ ನಮ್ಮ ಹುಡುಗರು ಹಗಲು ನೋಡಿಕೊಳ್ಳುವ ಸರ್ವರು, ಸಂಜೆ ಮನೆಗೆ ಓಡಿಸುವ ಕಾರು, ಎರಡೂ ಒಂದೇ ಲೆಕ್ಕದ ಶೀರ್ಷಿಕೆ. ಸರ್ವರಿಗೆ ಗೊಣಗುವ ಅಭ್ಯಾಸವಿಲ್ಲ ಎಂಬುದಷ್ಟೇ ವ್ಯತ್ಯಾಸ.

ತಪ್ಪಿಸಿಕೊಳ್ಳುವವರ ವಿಚಾರ. ಬೆಂಗಳೂರಿನಲ್ಲಿ ಬೇರೆ ರಾಜ್ಯದ ನಂಬರ್ ಪ್ಲೇಟಿನ ಕಾರುಗಳನ್ನು ಹಿಡಿಯಲು ಆರ್‌ಟಿಒ ಸಿಬ್ಬಂದಿ ಬಿಸಿಲಲ್ಲಿ ರಸ್ತೆಗಿಳಿಯಬೇಕು. ಫೇರ್‌ಫ್ಯಾಕ್ಸ್‌ನಲ್ಲಿ ಆ ಶ್ರಮವಿಲ್ಲ. ವರ್ಜೀನಿಯಾ ಪ್ಲೇಟಿಲ್ಲದ ಕಾರು ಪಕ್ಕದ ಮನೆ ಮುಂದೆ ಬಹಳ ದಿನ ನಿಂತಿದ್ದರೆ ನೆರೆಯವರೇ ಕೌಂಟಿಗೆ ತಿಳಿಸಬಹುದು. ನಿಯಮ ಮೀರಿದ್ದರೆ ಅದಕ್ಕೆ ಪ್ರತ್ಯೇಕ ತೆರಿಗೆಯೂ ದಂಡವೂ. ನೆರೆಹೊರೆಯ ಕುತೂಹಲವನ್ನು ಆದಾಯದ ಮೂಲವಾಗಿಸಿದ ಈ ಏರ್ಪಾಡು ನಮ್ಮ ವಠಾರಗಳಲ್ಲಿ ಜಾರಿಯಾದರೆ ರಾಜ್ಯದ ಸಾಲ ತೀರುತ್ತದೆ. ಬಾಕಿ ಉಳಿಸಿಕೊಂಡವರ ಕಾರಿನ ನೋಂದಣಿ ನವೀಕರಣ ನಿಲ್ಲಿಸುವ ಅಧಿಕಾರವೂ ಇಲ್ಲಿದೆ. ತಗಾದೆ ನೋಟಿಸು ಹಿಡಿದು ಗ್ರಾಮ ಸಹಾಯಕನನ್ನು ಕಳಿಸಿ, ಅವನು ಹಲಸಿನಹಣ್ಣು ತಿಂದು ಬರಿಗೈಯಲ್ಲಿ ಬಂದದ್ದನ್ನು ಕಂಡಿರುವ ನನಗೆ ಇದನ್ನು ಓದಿ ಕಣ್ಣು ತುಂಬಿತು.

ಕೊನೆಯದಾಗಿ ಪರಿಹಾರ. ಹಲವು ಕೌಂಟಿಗಳಲ್ಲಿ ಕಾರು ವಯಸ್ಸಿಗೆ ಮೀರಿ ಓಡಿದ್ದರೆ, ಓಡೋಮೀಟರಿನ ದಾಖಲೆಯೊಂದಿಗೆ ಅರ್ಜಿ ಕೊಟ್ಟು ಬೆಲೆ ಇಳಿಸಿಕೊಳ್ಳಬಹುದು. ಮಗನ ವ್ಯಾನಿನ ಮೈಲಿ ಆ ಮಟ್ಟ ಮುಟ್ಟಿಲ್ಲ, ಲೆಕ್ಕಕ್ಕೆ ಬರುವುದು ಜನವರಿ 1ರ ಓಡೋಮೀಟರ್. ಆದಕಾರಣ ಡಿಸೆಂಬರ್ 31ರ ಒಳಗೆ ಮೇರಿಲ್ಯಾಂಡಿನ ಶಿವ ವಿಷ್ಣು ದೇವಸ್ಥಾನ, ಪಿಟ್ಸ್‌ಬರ್ಗಿನ ವೆಂಕಟೇಶ್ವರ, ಅಲ್ಲಿಂದ ನಯಾಗರ, ಬರುವಾಗ ನ್ಯೂಜೆರ್ಸಿಯ ತಂಗಿ ಮನೆ, ಸಾಲದಿದ್ದರೆ ಫ್ಲಾರಿಡಾ, ಹೀಗೊಂದು ಕಾರ್ಯಕ್ರಮ ಪಟ್ಟಿ ತಯಾರಿಸಿ ನನ್ನ ಶ್ರೀಮತಿಯವರ ಶಿಫಾರಸಿನೊಂದಿಗೆ ಮಗನ ಮುಂದಿಟ್ಟಿದ್ದೇನೆ. ಪೆಟ್ರೋಲು, ಟೋಲು, ಹೋಟೆಲಿಗೆ ಎಷ್ಟಾಗುತ್ತದೆಂದು ಅವನು ಕೇಳುತ್ತಿದ್ದಾನೆ. ಸದರಿ ವಿಷಯ ಕಂದಾಯದ ವ್ಯಾಪ್ತಿಗೆ ಬರುವುದಿಲ್ಲವೆಂದು ಷರಾ ಬರೆದು ಕಡತ ವಾಪಸು ಕಳಿಸಿದ್ದೇನೆ.