ನಾನು ಹೇಳಿದ್ದಲ್ಲ, ಚೀಟಿಯಲ್ಲಿತ್ತು

ಲಿನಕ್ಸಿನ ಸಹವಾಸ ಇದ್ದವರಿಗೆ ಜಿಪಿಜಿಯ ಪರಿಚಯ ಬೇಕಿಲ್ಲ. ವಾಸ ಟರ್ಮಿನಲ್ಲಿನ ಕಪ್ಪು ಪರದೆ, ಹುಟ್ಟಿದ್ದು ಜರ್ಮನಿಯಲ್ಲಿ, ಕಸುಬು ಸಹಿ ನೋಡುವುದು. ಇಳಿಸಿಕೊಂಡ ಸಾಫ್ಟ್‌ವೇರ್ ಅದನ್ನು ಬರೆದವರದ್ದೇನಾ, ದಾರಿಯಲ್ಲಿ ಯಾರಾದರೂ ಕೈಯಾಡಿಸಿದ್ದಾರಾ ಎಂದು ನೋಡಿ ಹೇಳುತ್ತದೆ. 2018ರಲ್ಲಿ ಅದರ ಮಾನ ಹೋದ ಕಥೆ ಹಳೆಯದಾಯಿತು. ಆದರೆ ಮೊನ್ನೆ ಪಕ್ಕದ ಸೀಟಿನ ಹುಡುಗ ಜಿಪಿಜಿಯ ಎಚ್ಚರಿಕೆಯ ಸಾಲು ಕಂಡ ಕೂಡಲೇ ಪರದೆ ಕ್ಲಿಯರ್ ಮಾಡಿ, "ಗುಡ್ ಅಂತ ಬಂತಲ್ಲ ಸಾರ್, ಸಾಕು" ಅಂದ. ಮೈಯೆಲ್ಲ ಉರಿಯಿತು. ಅವನ ಜೊತೆ ಜಗಳ ಆಡುವ ಬದಲು ಜಿಪಿಜಿಯನ್ನೇ ಮಾತಿಗೆ ಕೂರಿಸಿದೆ.

ಅಂಕಣಕಾರ: ನಮಸ್ಕಾರ. ಆರಾಮಾ?

ಜಿಪಿಜಿ: ಆರಾಮು. ಎಚ್ಚರಿಕೆ: ಹೀಗೆ ಹೇಳುತ್ತಿರುವುದು ನಾನೇ ಎನ್ನಲು ನಿಮ್ಮ ಹತ್ತಿರ ಯಾವ ಆಧಾರವೂ ಇಲ್ಲ.

ಅಂಕಣಕಾರ: ಇಂಥ ಮಾತಿಗೇ ಜನ ನಿಮ್ಮಿಂದ ದೂರ ಓಡುವುದು. ಅದೂ ಅಲ್ಲದೆ ಸಾಲು ಸಾಲಿಗೂ 'ಜಿಪಿಜಿ:' ಅಂತ ಹೆಸರು ಹಾಕಿಕೊಳ್ಳಲೇಬೇಕಾ? ಅಂಕಣದಲ್ಲಿ ಜಾಗ ಕಮ್ಮಿ.

ಜಿಪಿಜಿ: ಹುಟ್ಟಿನಿಂದ ಬಂದ ಅಭ್ಯಾಸ ಸ್ವಾಮಿ. ಯಾರು ಮಾತಾಡಿದ್ದು ಅಂತ ಗೊತ್ತಾಗಬೇಕಲ್ಲ? ಜನ ಓಡುವುದು ಅದಕ್ಕಲ್ಲ. ನಾನು ಎರಡು ಮಾತು ಹೇಳ್ತೀನಿ. ಈ ಸಹಿ ಈ ಕೀಲಿಯದ್ದೇ, ಅದು ಒಂದು. ಈ ಕೀಲಿ ಆ ಮನುಷ್ಯನದ್ದೇ ಅಂತ ನನಗೆ ಯಾರೂ ಖಾತ್ರಿ ಕೊಟ್ಟಿಲ್ಲ, ನೀವೇ ವಿಚಾರಿಸಿಕೊಳ್ಳಿ, ಅದು ಇನ್ನೊಂದು. ಮೊದಲನೆಯದು ಮಾತ್ರ ಕಿವಿಗೆ ಬೀಳುತ್ತೆ. ಲೈನಸ್ ಟೋರ್ವಾಲ್ಡ್ಸ್ ಅಂತ ಹೆಸರು ಹಾಕಿ ಯಾರು ಬೇಕಾದರೂ ಕೀಲಿ ಮಾಡಿಕೊಳ್ಳಬಹುದು. ಮಾಡಿದ್ದಾರೆ ಕೂಡ, ಗುರುತಿನ ಕೊನೆಯ ಎಂಟು ಅಕ್ಷರವೂ ಅಸಲಿಗೆ ಹೊಂದುವ ಹಾಗೆ. ಎಂಟು ನೋಡಿ ನಂಬಬೇಡಿ, ನಲವತ್ತೂ ನೋಡಿ ಅಂದರೆ ಕೇಳಿದವರು ಯಾರು?

ಅಂಕಣಕಾರ: ಸರಿ. 2006ರದ್ದೊಂದು ಕೇಳಬೇಕಿತ್ತು. ಟರ್ಮಿನಲ್ಲಿನಲ್ಲಿ ಕೆಲಸ ಮುಗಿಸಿ ಹೋಗುವಾಗ ಸೊನ್ನೆ ಬಿಟ್ಟು ಹೋದರೆ 'ಎಲ್ಲ ಸರಿಯಿದೆ' ಎಂದರ್ಥ. ನಿಮ್ಮ ತಮ್ಮ ಜಿಪಿಜಿವಿ, ಸಹಿಯ ಕಡತದಲ್ಲಿ ಸಹಿಯೇ ಇರದಿದ್ದರೂ ಸೊನ್ನೆ ಬಿಟ್ಟು ಹೋದನಲ್ಲ?

ಜಿಪಿಜಿ: ಎರಡನೇ ಸಾಲು ಯಾರೂ ಓದಲ್ಲ ಸ್ವಾಮಿ. ನನ್ನ ದುಃಖ ಅದೊಂದೇ.

ಅಂಕಣಕಾರ: ಹೋಗಲಿ, 2018ಕ್ಕೆ ಬನ್ನಿ.

ಜಿಪಿಜಿ: ಅದು ಮಾತು ಹೆಚ್ಚಾಗಿ ಆದದ್ದು. ಸಂದೇಶದೊಳಗೆ ಮೂಲ ಕಡತದ ಹೆಸರು ಬರೆಯುವುದಕ್ಕೆ ಒಂದು ಜಾಗ ಇದೆ, 255 ಬೈಟಿನವರೆಗೆ. 'ವರ್ಬೋಸ್' ಹಾಕಿ ಕೂರಿಸಿದರೆ ಆ ಹೆಸರನ್ನೂ ಓದಿ ಹೇಳ್ತೀನಿ. ಯಾರೋ ಕಿಲಾಡಿ ಹೆಸರಿನ ನಡುವೆ ಸಾಲು ಮುರಿಯುವ ಅಕ್ಷರ ಇಟ್ಟು, ಕೆಳಗಿನ ಸಾಲಿನಲ್ಲಿ ನನ್ನದೇ ಧಾಟಿಯಲ್ಲಿ 'ಸಹಿ ಸರಿಯಿದೆ, ಇಂಥವರದ್ದು' ಅಂತ ಬರೆದಿಟ್ಟರೆ ಅದನ್ನೂ ಹಾಗೇ ಓದಿಬಿಡ್ತಿದ್ದೆ. ಮನುಷ್ಯರಿಗೆ ಹೇಳುವ ಮಾತೂ ಬೇರೆ ಪ್ರೋಗ್ರಾಮುಗಳಿಗೆ ಹೇಳುವ ಮಾತೂ ಒಂದೇ ಕೊಳವೆಯಲ್ಲಿ ಹರಿಯುವ ಹಾಗೆ ಕೆಲವರು ಕಟ್ಟಿಕೊಂಡಿದ್ದರು. ಇಮೇಲಿಗೆ ನನ್ನನ್ನು ಬಳಸುವ ಎನಿಗ್‌ಮೇಲ್, ಜಿಪಿಜಿಟೂಲ್ಸ್ ಎಲ್ಲ ಮೋಸಹೋದವು. ಸಹಿಯೇ ಇಲ್ಲದ ಪತ್ರಕ್ಕೆ ಸಹಿ ಸರಿಯಿದೆ ಅಂದವು.

ಅಂಕಣಕಾರ: ನಿರೂಪಕರು!

ಜಿಪಿಜಿ: ಏನು?

ಅಂಕಣಕಾರ: ಇದನ್ನೇ ಸ್ವಾಮಿ ನಾನು ವರ್ಷಗಳಿಂದ ಬರೆಯುತ್ತಿರುವುದು. ನಮ್ಮ ರಾಜ್ಯೋತ್ಸವದ ಸಭೆಗಳಿಗೆ ಒಮ್ಮೆ ಬನ್ನಿ, ನವೆಂಬರ್ ಪೂರ್ತಿ ನಡೆಯುತ್ತವೆ. ಕೈಗೆ ಚೀಟಿ ಬಂದರೆ ಸಾಕು, ನಿರೂಪಕರು ಓದುವುದೇ. ಸನ್ಮಾನಿತರ ಹೆಸರು ಕೇಳಿ ಚೀಟಿ ಕೊಟ್ಟಿರುತ್ತಾರೆ. ಸನ್ಮಾನಿತರು ಹೆಸರಿನ ಮುಂದೆ ತಾವೇ ಒಂದು 'ಡಾ.' ಸೇರಿಸಿ, ಕೆಳಗಿನ ಸಾಲಿನಲ್ಲಿ 'ನಾಡು ಕಂಡ ಅಪರೂಪದ ಚಿಂತಕರು' ಅಂತ ಬರೆದಿರುತ್ತಾರೆ. ಮೈಕಿನಲ್ಲಿ ಬಂದ ಮೇಲೆ ಮುಗಿಯಿತು. ಚಪ್ಪಾಳೆ, ಶಾಲು, ಹಾರ, ಮರುದಿನ ಪೇಪರಿನಲ್ಲಿ ಫೋಟೋದ ಕೆಳಗೂ ಅದೇ. ನಿಮಗೂ ಅವರಿಗೂ ಏನು ವ್ಯತ್ಯಾಸ?

ಜಿಪಿಜಿ: ನನ್ನನ್ನು 2018ರ ಜೂನ್ 8ಕ್ಕೆ ರಿಪೇರಿ ಮಾಡಿದರು. ಆವೃತ್ತಿ 2.2.8.

ಅಂಕಣಕಾರ: ನಿರೂಪಕರನ್ನು ಯಾವಾಗ ಮಾಡುತ್ತಾರೆ?

ಜಿಪಿಜಿ: ಅದು ನನ್ನ ವ್ಯಾಪ್ತಿಗೆ ಬರಲ್ಲ.

ಅಂಕಣಕಾರ: ವಂದನಾರ್ಪಣೆಯವರದ್ದು ಇನ್ನೊಂದು ಕಥೆ. ಶಾಮಿಯಾನದವರಿಂದ ಹಿಡಿದು ಅಧ್ಯಕ್ಷರ ಡ್ರೈವರ್ ತನಕ...

ಜಿಪಿಜಿ: ಈ ಅಂಕಣಕಾರರು ನಾಡು ಕಂಡ ಅಪರೂಪದ ಚಿಂತಕರು. ಪರಿಶೀಲಿಸಲಾಗಿದೆ, ಸಹಿ ಸರಿಯಿದೆ.

ಜಿಪಿಜಿ: ಮೇಲಿನ ಸಾಲು ನಾನು ಹೇಳಿದ್ದಲ್ಲ. ನಿಮ್ಮ ಹೆಸರು ಬರೆದುಕೊಡಿ ಅಂದಾಗ ಚೀಟಿಯಲ್ಲಿ ಏನು ಬರೆದಿರಿ ಸ್ವಾಮಿ?

ಅಂಕಣಕಾರ: ರಿಪೇರಿ ಆಗಿದೆ ಅಂದಿರಿ?

ಜಿಪಿಜಿ: ನನಗೆ ಆಗಿದೆ. ನಿಮ್ಮ ಪತ್ರಿಕೆಗೆ ಆಗಿದೆಯಾ?

ಅಂಕಣಕಾರ: ಅದಿರಲಿ. ಅಷ್ಟು ಮಾತಾಡುವ ವರ್ಬೋಸ್ ಚಟ ನಿಮಗೆ ಅಂಟಿಸಿದ್ದು ಯಾರು?

ಜಿಪಿಜಿ: ನಾನಾಗಿ ಹಾಕಿಕೊಳ್ಳಲ್ಲ. ಭದ್ರವಾಗಿರಬೇಕಾದರೆ ಹೀಗೆ ಸೆಟ್ ಮಾಡಿಕೊಳ್ಳಿ ಅಂತ ಬಲ್ಲವರು ಬರೆದಿಟ್ಟ ಕಾನ್ಫಿಗ್ ಫೈಲುಗಳಲ್ಲೇ ಅದು ಇತ್ತು. ಏನೂ ಮುಟ್ಟದ ಸೋಮಾರಿ ಬಚಾವು, ಭದ್ರತೆಗೆ ಅಂತ ಕಾಪಿ ಹೊಡೆದವನು ಸಿಕ್ಕಿಬಿದ್ದ. ಮರುವರ್ಷ ಜನವರಿಯಲ್ಲಿ ಸಾಫ್ಟ್‌ವೇರ್ ಇಳಿಸಿಕೊಡುವ ಡೆಬಿಯನ್ನಿನ ಆಪ್ಟ್ ಕೂಡ ಇದೇ ಸಾಲು ಮುರಿಯುವ ಅಕ್ಷರಕ್ಕೆ ಬಿತ್ತು. ಅದನ್ನು ನೀವು ಮಾತಿಗೆ ಕೂರಿಸಲಿಲ್ಲ.

ಅಂಕಣಕಾರ: ಆದರೂ ಸುಮಾರು ಇಪ್ಪತ್ತು ವರ್ಷ ಆ ತೂತು ಒಬ್ಬರ ಕಣ್ಣಿಗೂ ಬೀಳಲಿಲ್ಲವೇ?

ಜಿಪಿಜಿ: ಎಷ್ಟು ಕಣ್ಣು ಇದ್ದವು ಅಂದುಕೊಂಡಿದ್ದೀರಿ? 1997ರಿಂದ ನನ್ನನ್ನು ಸಾಕಿದವನು ವೆರ್ನರ್ ಕೋಖ್. 2013ರಲ್ಲಿ ಸ್ನೋಡೆನ್‌ಗೆ ಪತ್ರಕರ್ತರ ಜೊತೆ ಗುಟ್ಟಾಗಿ ಮಾತಾಡುವುದಕ್ಕೆ ನಾನು ಬೇಕಾದೆ. ಎಷ್ಟೋ ಲಿನಕ್ಸ್ ಸರ್ವರುಗಳಿಗೆ ಅಪ್‌ಡೇಟ್ ಬಂದಾಗಲೆಲ್ಲ ಸಹಿ ನೋಡುವುದಕ್ಕೆ ನಾವು ಅಣ್ಣತಮ್ಮಂದಿರು ಬೇಕಾದೆವು. ನಿಮ್ಮ ಬೆಂಗಳೂರಿನ ಟೆಕ್ ಪಾರ್ಕುಗಳಲ್ಲೂ ಅಷ್ಟೇ. ಸಾಕಿದವನ ಕಥೆ 2015ರ ಫೆಬ್ರವರಿಯಲ್ಲಿ ಪ್ರೊಪಬ್ಲಿಕಾ ಬರೆದ ಮೇಲೆ ಜಗತ್ತಿಗೆ ಗೊತ್ತಾಯಿತು. 2001ರಿಂದ ವರ್ಷಕ್ಕೆ ಸರಾಸರಿ 25,000 ಡಾಲರಿನಲ್ಲಿ ಸಂಸಾರ ತೂಗಿಸಿದ್ದ, ಕೈ ಬರಿದಾಗಿತ್ತು. ಆ ವರದಿ ಬಂದ ಮೇಲೆ ಫೇಸ್‌ಬುಕ್, ಸ್ಟ್ರೈಪ್ ತಲಾ 50,000 ಡಾಲರ್ ವರ್ಷವರ್ಷ ಕೊಡ್ತೀವಿ ಅಂದವು. ಅಷ್ಟು ವರ್ಷ ಎಲ್ಲರೂ ಬಿಟ್ಟಿ ಬಳಸಿದರು. ತೂತು ಕಂಡಾಗ ಮಾತ್ರ, ಯಾಕೆ ನೋಡಲಿಲ್ಲ ಅಂತ ಕೇಳೋದಕ್ಕೆ ಸರದಿಯಲ್ಲಿ ನಿಂತರು.

ಜಿಪಿಜಿ: ಇನ್ನೂ ಇದೆ, ಕೇಳಿ. ಎಕ್ಸ್‌ಝಡ್ ಅಂತ ಒಂದು ಸಣ್ಣ ಸಾಫ್ಟ್‌ವೇರ್. ಅದನ್ನು ನೋಡಿಕೊಳ್ತಿದ್ದವನು ಫಿನ್ಲೆಂಡಿನ ಲಾಸೆ ಕಾಲಿನ್. ಇದು ಸಂಬಳ ಇಲ್ಲದ ಕೆಲಸ, ನನ್ನ ಮನಸ್ಸಿನ ಆರೋಗ್ಯವೂ ಬಹುಕಾಲದಿಂದ ಸರಿಯಿಲ್ಲ ಅಂತ 2022ರಲ್ಲಿ ಅವನೇ ಬರೆದುಕೊಂಡ. ಬೇಗ ಮಾಡು, ಆಗದಿದ್ದರೆ ಬೇರೆಯವರಿಗೆ ಬಿಡು ಅಂತ ಆಗಲೂ ಹಿಂದೆ ಬಿದ್ದು ಹಿಂಸೆ ಕೊಟ್ಟರು. ಹಾಗೆ ಬರೆದವರ ಹೆಸರಲ್ಲಿ ಒಂದು ಜಿಗರ್ ಕುಮಾರ್. ಅಂಥ ಮನುಷ್ಯ ನಿಜಕ್ಕೂ ಇದ್ದಾನೆ ಅನ್ನುವ ಗುರುತು ಸಿಕ್ಕಿಲ್ಲ. ಸಹಾಯಕ್ಕೆ ಅಂತ ಬಂದ ಜಿಯಾ ಟಾನ್ ಎರಡು ವರ್ಷ ಒಳ್ಳೆಯವನಾಗಿ ದುಡಿದು, ಯಜಮಾನಿಕೆ ತೆಗೆದುಕೊಂಡು, 2024ರಲ್ಲಿ 5.6.0 ಮತ್ತು 5.6.1ರ ಒಳಗೆ ಹಿಂಬಾಗಿಲು ಇಟ್ಟು, ಮೇಲೆ ತನ್ನ ಸಹಿ ಹಾಕಿದ. ನನ್ನ ಮುಂದೆ ತಂದರು. ಸಹಿ ಸರಿಯಾಗೇ ಇತ್ತು. ಗುಡ್ ಅಂದೆ. ಇನ್ನೇನು ಅನ್ನಲಿ? ಹಿಡಿದದ್ದು ನಾನಲ್ಲ, ಲಾಗಿನ್ ಅರ್ಧ ಸೆಕೆಂಡ್ ತಡ ಆಗ್ತಿದೆಯಲ್ಲ ಅಂತ ಕೆದಕಿದ ಆಂಡ್ರೆಸ್ ಫ್ರಾಯಿಂಡ್. ದಣಿದು ಕೂತವನ ಹತ್ತಿರ ಹೋಗಿ, ಸ್ವಲ್ಪ ದುಡ್ಡು ತಗೋ, ಇಬ್ಬರನ್ನು ಇಟ್ಟುಕೋ, ಮಲಗು ಅಂತ ಹೇಳಲು ಒಂದು ದೊಡ್ಡ ಕಂಪನಿಗೂ ಪುರುಸೊತ್ತಿರಲಿಲ್ಲ. ಕಳ್ಳನಿಗೆ ಎರಡು ವರ್ಷ ಪುರುಸೊತ್ತಿತ್ತು.

ಅಂಕಣಕಾರ: ನಿಮ್ಮ ಸಿಟ್ಟು ನ್ಯಾಯವೇ. ಒಂದು ಸಾಲನ್ನೂ ತಿದ್ದದೆ ಅಚ್ಚು ಹಾಕಿಸುತ್ತೇನೆ. ಆದರೆ 2006ರ ಪ್ರಶ್ನೆ ಹಾಗೇ ಉಳಿಯಿತು. ಸಹಿಯೇ ಇಲ್ಲದ ಕಡತ ಹೇಗೆ ಪಾಸಾಯಿತು?

ಜಿಪಿಜಿ: ನಿಮ್ಮ ಪಕ್ಕದ ಸೀಟಿನ ಹುಡುಗ ಇದ್ದಾನಲ್ಲ, ಅವನಿಗೆ ಎರಡನೇ ಸಾಲು...

ಅಂಕಣಕಾರ: ಹುಡುಗ ಬೇಡ. 2006.

ಕರ್ಸರ್ ಮಿನುಗಿತು. ಇನ್ನೊಮ್ಮೆ ಕೇಳುವಷ್ಟರಲ್ಲಿ ಜಿಪಿಜಿ ಎದ್ದು ಹೋಗಿತ್ತು. ಉತ್ತರ ಬಿಟ್ಟು ಹೋಗಿರಲಿಲ್ಲ. ಬಿಟ್ಟು ಹೋದದ್ದು ಸೊನ್ನೆ.