ಮುನ್ನೂರು ಜಿಎಸ್‌ಎಂ ರಾಯರು

ಬ್ಯಾಂಕಿನಿಂದ ನಿವೃತ್ತರಾದವರಲ್ಲಿ ಕೆಲವರು ಬಡಾವಣೆ ಸಂಘದ ಖಜಾಂಚಿಗಳಾಗುತ್ತಾರೆ, ಕೆಲವರು ಗೀತೆಯ ತರಗತಿಗೆ ಸೇರುತ್ತಾರೆ, ಇನ್ನು ಕೆಲವರು ಷೇರು ಪೇಟೆಯಲ್ಲಿ ಪಿಂಚಣಿ ಕರಗಿಸುತ್ತಾರೆ. ಇದ್ಯಾವುದೂ ಒಗ್ಗದವರು ನೀರಿನಲ್ಲಿ ಬಣ್ಣ ಕರಗಿಸುತ್ತಾರೆ. ಮೈಸೂರಿನ ಸರಸ್ವತೀಪುರಂ, ಕುವೆಂಪುನಗರ, ಜಯಲಕ್ಷ್ಮೀಪುರಂ ಯಾವುದೇ ಇರಲಿ, ಎರಡು ಬೀದಿ ಸುತ್ತಿದರೆ ಇಂಥವರೊಬ್ಬರು ಸಿಕ್ಕೇ ಸಿಗುತ್ತಾರೆ. ಹೆಗಲಿಗೆ ಬಟ್ಟೆ ಚೀಲ, ಕೈಯಲ್ಲಿ ಮಡಚುವ ಸ್ಟೂಲು, ಅಂಗಿಯ ಜೇಬಿನಲ್ಲಿ ಹಿಂದೆ ಪೆನ್ನಿದ್ದ ಜಾಗದಲ್ಲಿ ಬ್ರಷ್ಷು. ನಮ್ಮ ಬೀದಿಯಲ್ಲಿರುವವರನ್ನು ರಾಯರು ಎನ್ನೋಣ.

ರಾಯರ ಕೈಗೆ ಬಣ್ಣ ಬಂದದ್ದು ನಿವೃತ್ತಿಯ ವರ್ಷ. ಸಹೋದ್ಯೋಗಿಗಳು ಶಾಲು, ಹಣ್ಣಿನ ಬುಟ್ಟಿ, ಗೋಡೆ ಗಡಿಯಾರ ಕೊಟ್ಟರು. ಹೊರದೇಶದಲ್ಲಿರುವ ಮಗ ಜಲವರ್ಣದ ಪೆಟ್ಟಿಗೆ ಕಳಿಸಿದ. ಶಾಲು ಇನ್ನೊಬ್ಬರ ನಿವೃತ್ತಿಗೆ ಹೋಯಿತು, ಹಣ್ಣು ಖರ್ಚಾಯಿತು, ಗಡಿಯಾರ ನಿಂತಿತು. ಪೆಟ್ಟಿಗೆ ಮಾತ್ರ ಮರಿ ಹಾಕುತ್ತಾ ಹೋಯಿತು. ಈಗ ಊಟದ ಮೇಜು, ಹಜಾರದ ಕಿಟಕಿಕಟ್ಟೆ, ಫ್ರಿಜ್ಜಿನ ತಲೆ ಎಲ್ಲವೂ ಸ್ಟುಡಿಯೋ.

ಮೂರು ದಶಕ ಲೆಡ್ಜರ್ ತಿರುವಿದ ಕೈ ಬಣ್ಣಕ್ಕೆ ಬಂದರೂ ಅಂಕಿಯನ್ನು ಬಿಟ್ಟಿಲ್ಲ. ನಮಗೆಲ್ಲ ನೀಲಿ ಎಂದರೆ ನೀಲಿ. ರಾಯರಿಗೆ ಅದು ಪಿಬಿ 29. ಟ್ಯೂಬಿನ ಬೆನ್ನ ಮೇಲೆ ಸಣ್ಣ ಅಕ್ಷರದಲ್ಲಿ ಅಚ್ಚಾಗಿರುವ ಅಲ್ಟ್ರಾಮರೀನಿನ ಖಾತೆ ಸಂಖ್ಯೆ. ಬರ್ನ್ಟ್ ಸಿಯೆನಾ ಎಂಬ ಇಟ್ಟಿಗೆಗಂದು ಪಿಬಿಆರ್ 7. ಪ್ರತಿ ಟ್ಯೂಬೂ ಕೊಂಡ ದಿನವೇ ರಿಜಿಸ್ಟರಿಗೆ ಏರುತ್ತದೆ: ಬಣ್ಣದ ಒಂದು ಚೌಕ, ಪಕ್ಕದಲ್ಲಿ ತಾರೀಖು, ಕೆಳಗೆ ರಾಯರ ಚಿಕ್ಕ ರುಜು. ಅದರ ನಕಲೊಂದನ್ನು ಅರ್ಧ ಮುಚ್ಚಿ, ಅರ್ಧ ಬಿಸಿಲಿಗೆ ಬಿಟ್ಟು ಕಿಟಕಿಗೆ ಅಂಟಿಸುತ್ತಾರೆ. ಕೆಲವು ತಿಂಗಳ ನಂತರ ತೆರೆದು ನೋಡಿದರೆ ಯಾವ ಬಣ್ಣ ಬಿಸಿಲಿಗೆ ತಾಳಲಿಲ್ಲ ಎಂಬುದು ಗೊತ್ತಾಗುತ್ತದೆ. ಒಪೆರಾ ಪಿಂಕ್ ಎಂಬ ಬೆಡಗಿನ ಗುಲಾಬಿ ಹಾಗೆಯೇ ಸಿಕ್ಕಿಬಿದ್ದದ್ದು. ರಾಯರು ಅದರ ಮುಂದೆ ಕೆಂಪು ಶಾಯಿಯಲ್ಲಿ ‘ಸುಸ್ತಿದಾರ’ ಎಂದು ಬರೆದರು. ಸಂಜೆ ಪೇಸ್ಟಲ್ ಪೆಟ್ಟಿಗೆ ಮುಚ್ಚುವಾಗ ಕಡ್ಡಿಗಳು ಟ್ಯಾಲಿ ಆಗಬೇಕು. ಒಂದು ಕಡಿಮೆ ಬಂದರೆ ಮನೆಯಲ್ಲಿ ಯಾರಿಗೂ ಊಟವಿಲ್ಲ. ಮೊದಲು ಸೋಫಾದ ಕೆಳಗೆ, ಆಮೇಲೆ ಮೊಮ್ಮಗಳ ಮುಷ್ಟಿಯಲ್ಲಿ ತಪಾಸಣೆ.

ಕಾಗದದ ಮಾತು ಎತ್ತಿದರಂತೂ ಮುಗಿಯಿತು. “ಮುನ್ನೂರು ಜಿಎಸ್‌ಎಂ ಇಲ್ಲದೆ ವಾಟರ್ ಕಲರ್ ಇಲ್ಲ ಸ್ವಾಮಿ” ಎನ್ನುತ್ತಾರೆ. ಒಂದು ಚದರ ಮೀಟರ್ ಕಾಗದ 300 ಗ್ರಾಂ ತೂಗಬೇಕು, ನೂರಕ್ಕೆ ನೂರು ಹತ್ತಿಯದಾಗಿರಬೇಕು. ತೆಳುವಾದರೆ ನೀರು ಬಿದ್ದೊಡನೆ ಕರಿದ ಹಪ್ಪಳದಂತೆ ಸೊಟ್ಟಗಾಗಿ, ಬಣ್ಣವೆಲ್ಲ ತಗ್ಗಿಗೆ ಹರಿದು ನಿಲ್ಲುತ್ತದೆ. ಮಾತು ನಿಜವೇ. ಆದರೆ ಆ ಕಾಗದ ದುಬಾರಿ. ಕೊಂಡು ತಂದದ್ದು ಬೀರುವಿನಲ್ಲಿ, ಮನೆಯಾಕೆಯ ಮೈಸೂರು ರೇಷ್ಮೆ ಸೀರೆಯ ಪಕ್ಕದಲ್ಲಿ, ನುಸಿಗುಳಿಗೆಯ ವಾಸನೆ ಕುಡಿಯುತ್ತಾ ಮಲಗಿದೆ. ಸೀರೆಯೂ ಒಳ್ಳೆಯ ದಿನಕ್ಕೆ ಕಾಯುತ್ತಿದೆ, ಕಾಗದವೂ ಕಾಯುತ್ತಿದೆ. ಅಲ್ಲಿಯವರೆಗೆ ರಾಯರು ಮೊಮ್ಮಗಳ ಡ್ರಾಯಿಂಗ್ ಪುಸ್ತಕದಲ್ಲಿ ಬರೆಯುತ್ತಾರೆ. ಚಿತ್ರ ಕೆಟ್ಟಾಗ “ಕಾಗದ ಸರಿಯಿಲ್ಲ” ಎನ್ನುತ್ತಾರೆ.

“ನಾನು ದಿನಾ ಬೆಳಿಗ್ಗೆ ಬಾಗಿಲಲ್ಲಿ ರಂಗೋಲಿ ಹಾಕ್ತೀನಿ. ನೀನೆಷ್ಟು ಜಿಎಸ್‌ಎಂ ಅಂತ ಸಿಮೆಂಟನ್ನ ಒಂದು ದಿನವೂ ಕೇಳಿಲ್ಲ” ಎನ್ನುವುದು ಮನೆಯಾಕೆಯ ಟಿಪ್ಪಣಿ.

ಆಕೆಗೆ ಸಿಟ್ಟು ಬರುವುದಕ್ಕೆ ಕಾರಣವಿದೆ. ಕಲೆಯ ಒತ್ತುವರಿ ಮೊದಲು ನಡೆದದ್ದು ಅಡುಗೆಮನೆಯಲ್ಲಿ. ಅತ್ತೆಯ ಹೆಸರು ಕೆತ್ತಿದ ಸ್ಟೀಲ್ ಲೋಟ ಈಗ ಬ್ರಷ್ ತೊಳೆಯುವ ಪಾತ್ರೆ. ಇಡ್ಲಿ ತಟ್ಟೆಯ ಗುಳಿಗಳು ಬಣ್ಣ ಕಲಸಲು ಹೇಳಿಮಾಡಿಸಿದಂತಿವೆ ಎಂದು ಒಯ್ದು, ಎಲ್ಲ ಗುಳಿಗಳಿಗೂ ಬಣ್ಣ ಹಿಡಿಸಿದ ಮೇಲೆ “ಸ್ಟೀಲಿನ ಮೇಲೆ ಬಣ್ಣ ನಿಜವಾಗಿ ಕಾಣೋದಿಲ್ಲ, ಬಿಳೀದು ಬೇಕು” ಎಂದು ಪಿಂಗಾಣಿ ತಟ್ಟೆಗೆ ಕೈ ಹಾಕಿದರು. ಹಸಿ ಬಣ್ಣದ ಮೇಲೆ ಕಲ್ಲುಪ್ಪು ಉದುರಿಸಿದರೆ ಉಪ್ಪು ಸುತ್ತಲಿನ ನೀರು ಹೀರಿ, ಒಣಗಿದಾಗ ನಕ್ಷತ್ರದಂಥ ಬಿಳಿ ಗುರುತು ಉಳಿಯುತ್ತದೆ. ರಾಯರಿಗೆ ಇದು ಗೊತ್ತಾದ ವಾರ ಸಾರು ಸಪ್ಪೆ, ಆಕಾಶದ ತುಂಬ ನಕ್ಷತ್ರ. ಆಷಾಢದಲ್ಲಿ ಬಳಿದ ಆಕಾಶ ಮಧ್ಯಾಹ್ನವಾದರೂ ಒಣಗುವುದಿಲ್ಲವಾದ್ದರಿಂದ ಸೊಸೆಯ ಹೇರ್ ಡ್ರೈಯರ್ ಬಂತು. ಪೇಸ್ಟಲ್ ಪುಡಿ ಉದುರದ ಹಾಗೆ ಹಿಡಿದಿಡುವ ಫಿಕ್ಸೆಟಿವ್ ತುಟ್ಟಿ ಎಂದು ಅದರ ಬದಲಿಗೆ ಅವಳ ಹೇರ್ ಸ್ಪ್ರೇ ಬಂತು. ರಾಯರ ಚಾಮುಂಡಿ ಬೆಟ್ಟದಿಂದ ಇಂದಿಗೂ ಮದುವೆಮನೆಯ ವಾಸನೆ ಬರುತ್ತದೆ.

ಭಾನುವಾರ ಬೆಳಿಗ್ಗೆ ರಾಯರು ಕುಕ್ಕರಹಳ್ಳಿ ಕೆರೆಯ ಏರಿಯ ಮೇಲೆ ಸ್ಟೂಲು ಬಿಚ್ಚುತ್ತಾರೆ. ಮುಮ್ಮಡಿ ಕೃಷ್ಣರಾಜ ಒಡೆಯರು 1864ರಲ್ಲಿ ಕೆರೆ ಕಟ್ಟಿಸಿದ್ದು ಬೇಸಾಯಕ್ಕೂ ಊರಿನ ನೀರಿಗೂ. ಈಗಿನ ಬಳಕೆ ವಾಕಿಂಗಿಗೆ ಮತ್ತು ರಾಯರ ವಾಷಿಗೆ. ಕೂತ ತಕ್ಷಣ ಬರೆಯುವುದಿಲ್ಲ. ಮೊದಲು ಕಣ್ಣನ್ನು ಅರ್ಧ ಮುಚ್ಚಿ, ಮುಖ ಗಂಟಿಕ್ಕಿ, ಎದುರಿನ ದಡವನ್ನು ದಿಟ್ಟಿಸುತ್ತಾರೆ. ಕಣ್ಣು ಕಿರಿದು ಮಾಡಿದರೆ ಎಲೆ, ಕೊಂಬೆ, ಕಂಬಿ ಎಂಬ ಚಿಲ್ಲರೆ ವಿವರಗಳೆಲ್ಲ ಮಾಯವಾಗಿ, ಎಲ್ಲಿ ಕತ್ತಲು, ಎಲ್ಲಿ ಬೆಳಕು ಎಂಬ ಒಟ್ಟು ಮೊತ್ತ ಮಾತ್ರ ಉಳಿಯುತ್ತದೆ. ಇದಕ್ಕೆ ಟೋನ್ ಎನ್ನುತ್ತಾರೆ. ವಾಕಿಂಗಿನ ಹೆಂಗಸರು ಮೊದಮೊದಲು ಈ ನೋಟ ಕಂಡು ದಾರಿ ಬದಲಿಸಿದ್ದರು. ಈಗ “ಪಾಪ, ಕಣ್ಣಿನ ಪೊರೆ ಇರಬೇಕು” ಎಂದುಕೊಂಡು ಸಾಗುತ್ತಾರೆ.

ಬೆನ್ನ ಹಿಂದೆ ಜನ ಸೇರಲು ತಡವಾಗುವುದಿಲ್ಲ.

“ಸರ್ವೆನಾ ಸಾರ್? ರಸ್ತೆ ಅಗಲ ಮಾಡ್ತಾರಾ?”

“ಇಲ್ಲಪ್ಪಾ, ಚಿತ್ರ.”

“ಸರ್ಕಾರದಿಂದ ದುಡ್ಡು ಕೊಡ್ತಾರಾ?”

“ಇಲ್ಲ.”

“ಮತ್ತೆ?”

ಈ ‘ಮತ್ತೆ’ಗೆ ರಾಯರ ಬಳಿ ಉತ್ತರವಿಲ್ಲ. ಇರುವುದು ಹೆಜ್ಜಾರ್ಲೆಯ ಚಿಂತೆ. ಜಲವರ್ಣದಲ್ಲಿ ಬಿಳಿ ಬಳಿಯುವಂತಿಲ್ಲ, ಕಾಗದದ ಬಿಳಿಯನ್ನೇ ಬಿಟ್ಟುಕೊಳ್ಳಬೇಕು ಎಂಬುದು ಹಳೆಯ ಸಂಪ್ರದಾಯ. ರಾಯರು ನೀರು ಬಳಿಯುವ ಹುರುಪಿನಲ್ಲಿ ಹಕ್ಕಿಯ ಜಾಗದ ಮೇಲೂ ಬ್ರಷ್ ಎಳೆದುಬಿಡುತ್ತಾರೆ, ಹೆಜ್ಜಾರ್ಲೆ ಬಂಡೆಯಾಗುತ್ತದೆ. ಅರ್ಧ ಒಣಗಿದ ಆಕಾಶವನ್ನು ತಿದ್ದಲು ತುಂಬಾ ಒದ್ದೆಯಾದ ಬ್ರಷ್ ಇಟ್ಟರೆ ನೀರು ಬಣ್ಣವನ್ನು ಅಂಚಿಗೆ ದೂಡಿ ಗುಪ್ಪೆಗುಪ್ಪೆಯಾಗಿ ಹರಡುತ್ತದೆ. “ಏನೂಂದ್ರೆ, ಮೋಡದಲ್ಲಿ ಹೂಕೋಸು ಯಾಕೆ ಬಿಟ್ಟಿದೆ?” ಎಂದು ಮನೆಯಾಕೆ ಕೇಳುವುದು ಆಗಲೇ. ಆಗ ಪೇಸ್ಟಲ್ ಪೆಟ್ಟಿಗೆ ತೆರೆಯುತ್ತದೆ. ಬಂಡೆಯ ಮೇಲೆ ಬಿಳಿ ಕಡ್ಡಿ ಉಜ್ಜಿ ಮತ್ತೆ ಹಕ್ಕಿ ಮಾಡುತ್ತಾರೆ, ಹೂಕೋಸಿನ ಮೇಲೆ ಬೂದು ಉಜ್ಜಿ ಮಳೆ ತರಿಸುತ್ತಾರೆ. ಚೆನ್ನಾಗಿ ಬಂದರೆ ವಾಟರ್ ಕಲರ್, ಕೆಟ್ಟರೆ ಪೇಸ್ಟಲ್, ಎರಡೂ ಕೆಟ್ಟರೆ ಮಿಕ್ಸೆಡ್ ಮೀಡಿಯಾ. ಯಾರಾದರೂ ಹುಬ್ಬೇರಿಸಿದರೆ ಡೆಗಾ ಕೂಡ ಅಚ್ಚು ತೆಗೆದ ಚಿತ್ರಗಳ ಮೇಲೆ ಪೇಸ್ಟಲ್ ಉಜ್ಜುತ್ತಿದ್ದ ಎಂಬ ದಾಖಲೆ ಸಿದ್ಧವಿದೆ.

ರಾಯರ ಗುರುಗಳೆಲ್ಲ ಯೂಟ್ಯೂಬಿನಲ್ಲಿದ್ದಾರೆ, ಬಹುಪಾಲು ಚಳಿ ದೇಶದವರು. ಅದರ ಪರಿಣಾಮ, ಏಪ್ರಿಲ್ ತಿಂಗಳ ಚಾಮುಂಡಿ ಬೆಟ್ಟದ ಮೇಲೂ ಇಂಗ್ಲೆಂಡಿನ ಮಂಜು ಕವಿದಿರುತ್ತದೆ. ಸರಸ್ವತೀಪುರದ ಮನೆಗಳಿಗೆ ಹೊಗೆ ಕೊಳವೆ ಮೂಡಿದೆ. ನಾನು ಅನುಮಾನ ಎತ್ತಿದೆ.

“ಯಾಕೆ ಸ್ವಾಮಿ, ನಮ್ಮ ವೆಂಕಟಪ್ಪನವರು ಮಂಜು ಬರೆದಿಲ್ಲವೇ?” ಎಂದರು ರಾಯರು.

“ಅವರು ಊಟಿಗೆ ಹೋಗಿ ಬರೆದರು” ಎಂದು ಒಳಗಿನಿಂದ ಧ್ವನಿ ಬಂತು.

ಮನೆಗೆ ಬಂದವರಿಗೆ ರಾಯರು ಕೇಸರಿಬಾತು ಕೊಟ್ಟು, ಅವರು ಮೊದಲ ಚಮಚ ಬಾಯಿಗಿಡುವಾಗ ಇಂಡಿಯನ್ ಯೆಲ್ಲೋ ಕತೆ ತೆಗೆಯುತ್ತಾರೆ. ಬಿಹಾರದ ಮುಂಗೇರಿನ ಬಳಿಯ ಮಿರ್ಜಾಪುರದಲ್ಲಿ ಹಸುಗಳಿಗೆ ಮಾವಿನ ಎಲೆ ತಿನ್ನಿಸಿ, ಗಂಜಲವನ್ನು ಕಾಯಿಸಿ ಈ ಹಳದಿಯನ್ನು ಮಾಡುತ್ತಿದ್ದರೆಂದು ತ್ರೈಲೋಕ್ಯನಾಥ ಮುಖರ್ಜಿ 1883ರಲ್ಲೇ ಬರೆದಿದ್ದಾರೆ. ಕತೆ ಮುಗಿಯುವ ಹೊತ್ತಿಗೆ ಕೇಸರಿಬಾತು ತಟ್ಟೆಯಲ್ಲೇ ಉಳಿದಿರುತ್ತದೆ. ನೆಂಟರನ್ನು ಜಗನ್ಮೋಹನ ಅರಮನೆಗೆ ಕರೆದೊಯ್ಯುವವರೂ ಇವರೇ. ದೀಪ ಹಿಡಿದ ಹೆಂಗಸಿನ ಚಿತ್ರದ ಮುಂದೆ ಯಾರಾದರೂ “ರವಿವರ್ಮ!” ಎಂದು ಉದ್ಗರಿಸುವುದನ್ನೇ ಕಾದಿದ್ದು, ಅಪರಿಚಿತರಾದರೂ ಬಿಡದೆ, “ಅಲ್ಲ. ಎಸ್.ಎಲ್. ಹಲ್ದಂಕರ್. ಮಗಳು ಗೀತಾಳನ್ನೇ ನಿಲ್ಲಿಸಿ ಬರೆದದ್ದು. ಎಣ್ಣೆ ಬಣ್ಣ ಅಲ್ಲ, ವಾಟರ್ ಕಲರ್” ಎನ್ನುತ್ತಾರೆ. ಕೊನೆಯ ಎರಡು ಪದ ಹೇಳುವಾಗ ಅದು ತಮ್ಮ ಸ್ವಂತ ಶಾಖೆಯ ಸಾಧನೆ ಎಂಬಂತೆ ಎದೆ ಉಬ್ಬುತ್ತದೆ.

ಚಿತ್ರಗಳ ವಿಲೇವಾರಿ ಗೃಹಪ್ರವೇಶಗಳಲ್ಲಿ. ರಾಯರು ಬರುತ್ತಾರೆಂದು ಗೊತ್ತಾದ ದಿನ ನಮ್ಮ ಬೀದಿಯ ಹಲವು ಮನೆಗಳಲ್ಲಿ ಮಂಚದಡಿಯ ಕುಕ್ಕರಹಳ್ಳಿ ಕೆರೆ ಗೋಡೆಗೆ ಏರುತ್ತದೆ. ಒಂದು ಜನವರಿ ಬೆಂಗಳೂರಿನ ಕುಮಾರಕೃಪಾ ರಸ್ತೆಯ ಚಿತ್ರಸಂತೆಯಲ್ಲೂ ಕೂತು ಬಂದರು. ವ್ಯಾಪಾರ ಹೇಗಾಯಿತು ಎಂದು ಕೇಳಿದೆ. ನಿಂತು ನೋಡಿದವರೆಲ್ಲ ಒಂದೇ ಪ್ರಶ್ನೆ ಕೇಳಿದರಂತೆ: “ಫ್ರೇಮ್ ಎಲ್ಲಿ ಹಾಕಿಸಿದ್ರಿ?”

ಹಾಗೆಂದು ಇಷ್ಟು ವರ್ಷದ ಸಾಧನೆ ನೀರುಪಾಲಾಯಿತು ಎನ್ನುವಂತಿಲ್ಲ. ಕೈಗೆ ಚಿತ್ರ ಹತ್ತದಿದ್ದರೂ ಕಣ್ಣಿಗೆ ಬಣ್ಣ ಹತ್ತಿದೆ. ತಿಥಿ ಊಟದಲ್ಲಿ ಬಾಳೆಲೆಯ ಹಸಿರಿಗೂ ಚಟ್ನಿಯ ಹಸಿರಿಗೂ ಇರುವ ಅಂತರವನ್ನು ಪುರೋಹಿತರಿಗೆ ವಿವರಿಸುತ್ತಾರೆ. ಒಣಹಾಕಿದ ಬಿಳಿ ಪಂಚೆಯ ಮಡಿಕೆಯಲ್ಲಿ ನೇರಳೆ ಇದೆ ಎಂದು ನನಗೆ ತೋರಿಸಿಕೊಟ್ಟವರು ಅವರೇ; ಇತ್ತು. ಬೀದಿಯಲ್ಲಿ ಓಡಾಡುವವರು ನಾವೆಲ್ಲ. ಬೀದಿಯನ್ನು ನೋಡುವವರು ರಾಯರೊಬ್ಬರೇ.

ಇದು ಪೊಲೀಸರಿಗೂ ಮನವರಿಕೆಯಾಯಿತು. ಒಂದು ಮಧ್ಯಾಹ್ನ ಗೂಡ್ಸ್ ಗಾಡಿಯೊಂದು ಮೂಲೆ ಮನೆಯ ಕಾಂಪೌಂಡಿಗೆ ಗುದ್ದಿ, ಗೇಟನ್ನೂ ದಾಸವಾಳದ ಗಿಡವನ್ನೂ ಮಲಗಿಸಿ ಪರಾರಿಯಾಯಿತು. ಇಡೀ ಬೀದಿ ನಿದ್ದೆಯಲ್ಲೋ ಧಾರಾವಾಹಿಯಲ್ಲೋ ಮುಳುಗಿತ್ತು. ವರಾಂಡದಲ್ಲಿ ಬೋರ್ಡ್ ಇಟ್ಟುಕೊಂಡು ಕೂತಿದ್ದ ರಾಯರೊಬ್ಬರೇ ಸಾಕ್ಷಿ. ಪೇದೆ ಪುಸ್ತಕ ತೆರೆದರು.

“ಗಾಡಿ ಯಾವ ಬಣ್ಣ ಸಾರ್?”

“ಬರಕೊಳ್ಳಿ. ಪಿಬಿ 29ಕ್ಕೆ ಪಿಬಿಆರ್ 7 ಸೇರಿಸಿ, ನೀರು ಸ್ವಲ್ಪ ಮುಂದಾಗಿ.”

ಪೇದೆ ನನ್ನ ಮುಖ ನೋಡಿದರು. ನಾನು ಪಿಸುಗುಟ್ಟಿದೆ. ಅವರು ‘ಬೂದು’ ಎಂದು ಬರೆದುಕೊಂಡರು.

“ಬರೀ ಬೂದು ಅಲ್ಲ, ನೀಲಿ ಕಡೆ ವಾಲಿದ ಬೂದು. ಟಾರ್ಪಾಲಿನ ನೆರಳು ಅಪ್ಪಟ ನೇರಳೆ. ನೆರಳು ಎದುರು ಮನೆ ಮೆಟ್ಟಿಲು ಮುಟ್ಟಿತ್ತು, ಅಂದರೆ ಮೂರೂಕಾಲು.”

ಮೂಲೆ ಮನೆಯವರು ಸದ್ದಿಗೆ ಎದ್ದು ಗಡಿಯಾರ ನೋಡಿದ್ದರು, ಮೂರೂಕಾಲೇ. ಪೇದೆಯ ಧ್ವನಿಗೆ ಗೌರವ ಬಂತು. “ಇಷ್ಟು ಚೆನ್ನಾಗಿ ಯಾರೂ ಹೇಳೋದಿಲ್ಲ ಸಾರ್. ನಂಬರ್ ಒಂದು ಹೇಳಿಬಿಟ್ರೆ ಮುಗೀತು.”

ಜನ್ಮವೆಲ್ಲ ಅಂಕಿಯಲ್ಲೇ ಕಳೆದ ರಾಯರು ಪೇದೆಯನ್ನು ಕನಿಕರದಿಂದ ನೋಡಿದರು.

“ನಂಬರಾ? ಕಣ್ಣು ಅರ್ಧ ಮುಚ್ಚಿ ನೋಡ್ತಾ ಇದ್ದೆ ಕಣ್ರೀ. ನಂಬರ್ ಕಾಣಿಸ್ತು ಅಂದ್ರೆ ಟೋನ್ ತಪ್ಪಿತು ಅಂತಲೇ ಅರ್ಥ.”