ಗುಬ್ಬಿಯಲ್ಲೂ ಮದರಾಸು, ಕುಣಿಗಲ್ಲಿನಲ್ಲೂ ಮದರಾಸು

ಮದರಾಸು ಪ್ರಾಂತ್ಯ ಕಾಲವಾಯಿತು ಎಂದು ಇತಿಹಾಸದ ಮೇಷ್ಟ್ರುಗಳು ಹೇಳಿದರೆ ನಂಬಬೇಡಿ. ಅದು ಕ್ಷೇಮವಾಗಿದೆ. ಸದ್ಯದ ಕಾಯಂ ವಿಳಾಸ ಗುಬ್ಬಿ ತಾಲ್ಲೂಕು; ವಾರಕ್ಕೊಮ್ಮೆ ಕುಣಿಗಲ್ ಸಂತೆಗೂ ಹೋಗಿ ಬರುತ್ತದೆ.

ಹಳೆಯ ಮದರಾಸಿನ ಪರಿಚಯ ಮೊದಲಾಗಲಿ. ಬ್ರಿಟಿಷರು ಮೈಸೂರನ್ನು 1881ರಲ್ಲಿ ಒಡೆಯರಿಗೆ ಮರಳಿಸಿದಾಗ ಸಿಂಹಾಸನ ಕೊಟ್ಟರೇ ಹೊರತು ತೂಬಿನ ಕೀಲಿಕೈ ಕೊಡಲಿಲ್ಲ. ಹನ್ನೊಂದು ವರ್ಷದ ಮೇಲೆ, 1892ರ ಫೆಬ್ರುವರಿ 18ರಂದು, ಅದಕ್ಕೊಂದು ಒಪ್ಪಂದವೂ ಆಯಿತು. ಆಗ ಮೈಸೂರಿನ ದಿವಾನರು ಕೆ. ಶೇಷಾದ್ರಿ ಅಯ್ಯರ್. ಪಟ್ಟಿಯಲ್ಲಿರುವ 15 ಮುಖ್ಯ ನದಿಗಳಿಗೆ ಮೈಸೂರು ಹೊಸ ಜಲಾಶಯ ಕಟ್ಟಬೇಕೆಂದರೆ ಮದರಾಸಿಗೆ ಪೂರ್ತಿ ವಿವರ ಕಳಿಸಿ ಒಪ್ಪಿಗೆ ಪಡೆಯಬೇಕು. ಮದರಾಸು ಸುಮ್ಮಸುಮ್ಮನೆ ಬೇಡ ಎನ್ನುವಂತಿಲ್ಲ. ರೂಢಿಯಿಂದ ಬಂದ ತನ್ನ ಹಕ್ಕಿಗೆ ಧಕ್ಕೆಯಾದರೆ ಮಾತ್ರ ಎನ್ನಬಹುದು. ಧಕ್ಕೆ ಯಾವಾಗ ಆಗುತ್ತಿತ್ತು? ಮದರಾಸಿನ ಎಂಜಿನಿಯರು ಫೈಲು ಬಿಚ್ಚಿದಾಗಲೆಲ್ಲ. ಅಕ್ಕಪಕ್ಕದ ಅಧಿಕಾರಿಗಳು ಜಗಳವಾಡುವ ಬದಲು ಕಾಗದ ಬರೆದುಕೊಳ್ಳಲಿ ಎಂಬುದು ಒಪ್ಪಂದದ ಆಸೆ. ಕಾಗದವಂತೂ ಬರೆದುಕೊಂಡರು.

ಇದರ ನಿಜವಾದ ರುಚಿ ಗೊತ್ತಾದದ್ದು ಕನ್ನಂಬಾಡಿಯಲ್ಲಿ. 1911ರಲ್ಲಿ ಕೆಲಸ ಶುರುವಾಯಿತು. ಮೈಸೂರು ಕೇಳಿದ್ದು 41.5 ಟಿಎಂಸಿಯ ಜಲಾಶಯ, ಅಪ್ಪಣೆಯಾದದ್ದು 11ಕ್ಕೆ. ಮೈಸೂರಿನವರು ಆಗಲಿ ಬುದ್ಧಿ ಎಂದು ಕೈಮುಗಿದರು. ಅಡಿಪಾಯವನ್ನು ಮಾತ್ರ 41.5ರ ಅಳತೆಗೇ ತೋಡಿದರು. ನಮ್ಮ ಆಡಳಿತ ಪರಂಪರೆಯಲ್ಲಿ ನನಗೆ ಅತ್ಯಂತ ಗೌರವವಿರುವ ಪ್ರಸಂಗ ಇದು. ಕಾಗದದಲ್ಲಿ ವಿಧೇಯತೆ, ಗಾರೆಯಲ್ಲಿ ದಂಗೆ.

ಜಗಳ ಪಂಚಾಯ್ತಿಗೆ ಬಿತ್ತು. ಅಲಹಾಬಾದ್ ಹೈಕೋರ್ಟಿನ ನ್ಯಾಯಮೂರ್ತಿ ಗ್ರಿಫಿನ್ ಪಂಚರಾದರು. ನೀರಾವರಿಯ ಇನ್ಸ್‌ಪೆಕ್ಟರ್ ಜನರಲ್ ನೆದರ್‌ಸೋಲ್ ಪಕ್ಕದಲ್ಲಿ ಕೂತರು. 1914ರಲ್ಲಿ ತೀರ್ಪು ಬಂತು, 1916ರಲ್ಲಿ ಭಾರತ ಸರ್ಕಾರ ಅದಕ್ಕೆ ಮುದ್ರೆ ಒತ್ತಿತು. ಮದರಾಸು ಒಪ್ಪಲಿಲ್ಲ, ಲಂಡನ್ನಿಗೇ ದೂರು ಒಯ್ದಿತು. ಅಲ್ಲಿನ ದೊರೆಗಳು ತೀರ್ಪನ್ನು ತಡೆಹಿಡಿದರು. ಕೊನೆಗೆ ಇಬ್ಬರೂ ದಣಿದು 1924ರಲ್ಲಿ ಸಹಿ ಹಾಕಿದರು, ಕನ್ನಂಬಾಡಿ 44.827 ಟಿಎಂಸಿಗೆ ಏರಿತು. ಸಹಿಯ ದಿನ ಅದೇ ಫೆಬ್ರುವರಿ 18. ಮೂವತ್ತೆರಡು ವರ್ಷದ ಜಗಳಕ್ಕೆ ತಪ್ಪದೆ ತಿಥಿ ಮಾಡಿದ ಹಾಗಿದೆ. ಆಮೇಲಿನದು ನಿಮಗೆ ಗೊತ್ತಿರುವುದೇ: 1990ರಲ್ಲಿ ನ್ಯಾಯಾಧಿಕರಣ, 2007ರಲ್ಲಿ ಅದರ ಅಂತಿಮ ತೀರ್ಪು, 2018ರಲ್ಲಿ ಸುಪ್ರೀಂ ಕೋರ್ಟಿನ ಇನ್ನಷ್ಟು ಅಂತಿಮ ತೀರ್ಪು.

ಆ 15 ನದಿಗಳಲ್ಲಿ ಹೇಮಾವತಿಯೂ ಒಂದು. ಗೊರೂರಿನಲ್ಲಿ ಅದಕ್ಕೆ ಅಣೆಕಟ್ಟು ಮುಗಿದದ್ದು 1979ರಲ್ಲಿ. ಅಲ್ಲಿಂದ ಹೊರಟ ನಾಲೆ ತುಮಕೂರು ಜಿಲ್ಲೆಗೆ ಬಂತು, ಗುಬ್ಬಿಗೆ ಬಂತು, ತುಮಕೂರು ನಗರ ಕುಡಿಯಲೆಂದು ಬುಗುಡನಹಳ್ಳಿ ಕೆರೆಗೂ ಬಂತು. ಕುಣಿಗಲ್ಲಿಗೆ ಬರಬೇಕಿತ್ತು. ಕುಣಿಗಲ್ ನಾಲೆಯ ಬಾಲ. ಬಾಲಕ್ಕೆ ಪಾಲುಂಟು, ನೀರಿಲ್ಲ ಎಂಬುದು ಅವರ ಹಳೆಯ ದೂರು. ನಾಡೆಲ್ಲ ಹಾಡಿಕೊಳ್ಳುವ ಅವರ ಕೆರೆ ರಾಗಕ್ಕೆ ತುಂಬಿದಷ್ಟು ಸಲೀಸಾಗಿ ನಾಲೆಗೆ ತುಂಬುವುದಿಲ್ಲ.

ಇದಕ್ಕೆ ಸರ್ಕಾರ ಕಂಡುಕೊಂಡ ಮದ್ದು, ಗುಬ್ಬಿ ತಾಲ್ಲೂಕಿನಿಂದ ಕುಣಿಗಲ್ ಕಡೆಗೆ ನೇರವಾಗಿ ಸುಮಾರು 35 ಕಿ.ಮೀ. ಪೈಪು. ಖರ್ಚು ಸಾವಿರ ಕೋಟಿ ರೂಪಾಯಿಯ ಆಸುಪಾಸು, ಹೆಸರು ಎಕ್ಸ್‌ಪ್ರೆಸ್ ಲಿಂಕ್ ಕೆನಾಲ್. ಎಕ್ಸ್‌ಪ್ರೆಸ್ ಅಂದಮೇಲೆ ಗುಬ್ಬಿಯಲ್ಲಿ ನಿಲ್ಲುವುದಿಲ್ಲ ಎಂಬುದು ಗುಬ್ಬಿಯವರಿಗೆ ತಟ್ಟನೆ ಹೊಳೆಯಿತು. ಅದು ರೈಲ್ವೆ ಇಲಾಖೆ ಕಲಿಸಿದ ಪಾಠ. 2025ರ ಮೇ 31ರಂದು ಸಂಕಾಪುರದಲ್ಲಿ ಜನ ಸೇರಿದರು, ನಿಷೇಧಾಜ್ಞೆ ಜಾರಿಯಾಯಿತು, ಪೊಲೀಸರು ಬಂದರು. ಒಂದೇ ಜಿಲ್ಲೆಯ ಎರಡು ತಾಲ್ಲೂಕುಗಳ ನಡುವೆ ಅಂತೂ ಗಡಿ ಎಂಬುದೊಂದು ಮೂಡಿತು.

ಗಡಿಯನ್ನು ಇನ್ನಷ್ಟು ಗಾಢ ಮಾಡಲು ಚುನಾವಣಾ ಭೂಪಟವೂ ಕೈಜೋಡಿಸಿದೆ. ಕುಣಿಗಲ್ ಕಂದಾಯಕ್ಕೆ ತುಮಕೂರು ಜಿಲ್ಲೆ, ಲೋಕಸಭೆಗೆ ಬೆಂಗಳೂರು ಗ್ರಾಮಾಂತರ. ನೀರು ಕಂದಾಯದ ಹಿಂದೆ ಹೋಗಬೇಕೋ ಮತದ ಹಿಂದೆಯೋ? ಶೇಷಾದ್ರಿ ಅಯ್ಯರ್ ಅವರ ಪಟ್ಟಿಯಲ್ಲಿ ಇದಕ್ಕೆ ಕಲಮು ಇಲ್ಲ. ಪಾಪ, ಆಗಿನ ನದಿಗಳಿಗೆ ಮತಕ್ಷೇತ್ರ ಇರಲಿಲ್ಲ. ಪೈಪು ಕುಣಿಗಲ್ಲಿಗೆ ಮುಗಿಯದೆ ಮಾಗಡಿಗೂ ಹೋಗುತ್ತದೆ ಎಂಬ ಮಾತು ಬೇರೆ. ಗುಬ್ಬಿಯಲ್ಲಿ ಮಾಗಡಿ ಎಂದರೆ ಈಗ ಹೊಗೇನಕಲ್ಲಿಗಿಂತ ದೂರದ ಪರದೇಶ.

ಗುಬ್ಬಿಯ ತೆಂಗಿನ ತೋಟದ ಯಜಮಾನರೊಬ್ಬರನ್ನು ಹಿಡಿದು ಮೆಟ್ಟೂರಿನ ವಿಷಯ ಎತ್ತಿ. ‘ಮಳೆ ಬಿದ್ದಿದ್ದು ನಮ್ಮ ನೆಲದಾಗೆ. ನಮ್ಮ ಕೆರೆಕಟ್ಟೆ ತುಂಬಿ ಮಿಕ್ಕಿದ್ರೆ ಕೆಳಗಿನವರಿಗೆ. ರೂಢಿ ಅಂತೆ ರೂಢಿ, ಬ್ರಿಟಿಷರ ಕಾಲದ ಕಾಗದ ಹಿಡ್ಕೊಂಡು ಬಂದವ್ರೆ.’ ಅಪ್ಪಟ ಮೈಸೂರು. ಈಗ ಅವರನ್ನು ಮೆಲ್ಲಗೆ ಸಂಕಾಪುರದ ಕಡೆ ತಿರುಗಿಸಿ. ‘ಅಲ್ಲ ಸ್ವಾಮಿ, ಮೊದಲಿಂದ ಬಳಸ್ಕೊಂಡು ಬಂದಿರೋ ನೀರು. ನಮ್ಮನ್ನ ಒಂದು ಮಾತು ಕೇಳದೆ ಹೊಸ ಕೆಲಸ ಹೆಂಗೆ ಮಾಡ್ತಾರೆ? ನಕ್ಷೆ ತೋರಿಸ್ಲಿ, ಲೆಕ್ಕ ಕೊಡ್ಲಿ.’ ಪೂರ್ತಿ ವಿವರ, ಪೂರ್ವಾನುಮತಿ, ರೂಢಿಯ ಹಕ್ಕು: 1892ರ ಮದರಾಸು ಒಂದು ಕಲಮನ್ನೂ ಬಿಡದೆ ಪಂಚೆ ಉಟ್ಟು ಎದುರಿಗೆ ನಿಂತಿದೆ.

ಕುಣಿಗಲ್ಲಿನವರು ಕಡಿಮೆಯೇ? ತಮಿಳುನಾಡಿಗೆ ನೀರು ಬಿಟ್ಟರು ಎಂದು ಬೆಳಿಗ್ಗೆ ಹೆದ್ದಾರಿ ತಡೆದು, ಮಧ್ಯಾಹ್ನ ತಾಲ್ಲೂಕು ಕಚೇರಿಗೆ ಬಂದು ಅರ್ಜಿ ಕೊಡುತ್ತಾರೆ: ಮೇಲಿನವರು ತೂಬು ಒಡೆದು, ಪಂಪು ಇಟ್ಟು ಕೆಳಗಿನವರ ಪಾಲು ನುಂಗುತ್ತಿದ್ದಾರೆ, ಪಾಲು ಎಂದಮೇಲೆ ತಿಂಗಳಿಗೆ ಇಷ್ಟೆಂದು ಅಳೆದು ಬಿಡಬೇಕು. ಈ ಅರ್ಜಿಯ ಮೇಲಿನ ವಿಳಾಸವೊಂದನ್ನು ಬದಲಿಸಿ ತಂಜಾವೂರಿಗೆ ಕಳಿಸಿಕೊಟ್ಟರೆ, ಅಲ್ಲಿನವರು ತಮಿಳಿಗೆ ತಿರುಗಿಸಿ ಹಾಗೇ ಸುಪ್ರೀಂ ಕೋರ್ಟಿಗೆ ಹಾಕಿಕೊಳ್ಳಬಹುದು. ವಕೀಲರ ಖರ್ಚು ಉಳಿಯುತ್ತದೆ.

ಹೀಗೆ ಎರಡೂ ಕಡೆ ಮದರಾಸೇ ಆದಮೇಲೆ ಮೈಸೂರು ಯಾರು ಎಂದು ಕೇಳುವಿರಿ. ಇದ್ದಾರೆ: ಪೈಪು ಹೂಳುವವರು. ಗುಬ್ಬಿಯವರ ಅನುಮಾನವೂ ಕನ್ನಂಬಾಡಿಯದೇ. ಕಾಗದದಲ್ಲಿ ಬರೆದ ಪಾಲು ಸಣ್ಣದು, ನೆಲದೊಳಗೆ ಹೋಗುವ ಕೊಳವೆ ದಪ್ಪನೆಯದು, ನಾಳೆ ಅದರಲ್ಲಿ ಎಷ್ಟು ಹರಿಯುತ್ತದೋ ಯಾರು ಕಂಡರು ಎಂದು. ಅನುಮಾನ ನಿಜವೋ ಸುಳ್ಳೋ ಎಂಜಿನಿಯರುಗಳು ಹೇಳಲಿ. ಆದರೆ ಕಾಗದಕ್ಕಿಂತ ದೊಡ್ಡ ಅಡಿಪಾಯ ಹಾಕುವ ವಿದ್ಯೆಯನ್ನು ನಾವೇ ಕಂಡುಹಿಡಿದು, ನಾವೇ ಹೆಮ್ಮೆಯಿಂದ ಮಕ್ಕಳಿಗೆ ಹೇಳಿಕೊಟ್ಟು, ಈಗ ನಾವೇ ಅದಕ್ಕೆ ಹೆದರುತ್ತಿದ್ದೇವೆ.

ಆದ್ದರಿಂದ ಒಂದು ಗುಬ್ಬಿ–ಕುಣಿಗಲ್ ಒಪ್ಪಂದ ಆಗಿಯೇ ಬಿಡಲಿ ಎಂಬುದು ನನ್ನ ನಮ್ರ ಸಲಹೆ. ಗುಬ್ಬಿ ತಹಶೀಲ್ದಾರರು ಕುಣಿಗಲ್ ತಹಶೀಲ್ದಾರರಿಗೆ ನೇರವಾಗಿ ಫೋನು ಮಾಡಕೂಡದು. ಪತ್ರ ಬೆಂಗಳೂರಿನ ಮೂಲಕವೇ ಹೋಗಬೇಕು. ಕುಣಿಗಲ್ಲಿನಲ್ಲಿ ಯಾರಾದರೂ ಹೊಸದಾಗಿ ಅಡಿಕೆ ಸಸಿ ನೆಡುವ ಮುನ್ನ ಗುಬ್ಬಿಗೆ ಪೂರ್ತಿ ವಿವರ ಕಳಿಸತಕ್ಕದ್ದು. ಭಿನ್ನಾಭಿಪ್ರಾಯ ಬಂದರೆ ಪಂಚರನ್ನು ಅಲಹಾಬಾದಿನಿಂದಲೇ ಕರೆಸಬೇಕು, ಕಾವೇರಿ ನೀರು ಕುಡಿದವರಿಗೆ ಈ ವಿಷಯದಲ್ಲಿ ಸಮಚಿತ್ತ ಇರುವುದಿಲ್ಲ. ಐವತ್ತು ವರ್ಷದ ಮೇಲೆ ಪುನರ್‌ಪರಿಶೀಲನೆ. ಅಷ್ಟರಲ್ಲಿ ತೆಂಗು, ರೈತ, ಅಧಿಕಾರಿ ಮೂವರೂ ನಿವೃತ್ತರಾಗಿರುತ್ತಾರೆ.

ಅಡ್ಡಿಯೊಂದಿದೆ, ಶಿಂಷಾ. ದೇವರಾಯನದುರ್ಗದಲ್ಲಿ ಹುಟ್ಟಿ, ಗುಬ್ಬಿ ತಾಲ್ಲೂಕಿನ ಕಡಬ ಕೆರೆ ಹಾಯ್ದು, ಯಾರ ಪೂರ್ವಾನುಮತಿಯನ್ನೂ ಪಡೆಯದೆ ಕುಣಿಗಲ್ ತಾಲ್ಲೂಕಿನ ಮಾರ್ಕೋನಹಳ್ಳಿ ಜಲಾಶಯಕ್ಕೆ ಹೋಗಿ ಸೇರುತ್ತದೆ. ಅದೇ ಬೆಟ್ಟದ ಜಯಮಂಗಲಿ ಇನ್ನೂ ಹದ್ದು ಮೀರಿದೆ. ಬಡಗಲಿಗೆ ಹರಿದು ಪೆನ್ನಾರ್ ಕೂಡಿ ಆಂಧ್ರಕ್ಕೇ ಹೋಗುತ್ತದೆ. ಪೆನ್ನಾರ್ ಕೂಡ 1892ರ ಪಟ್ಟಿಯಲ್ಲಿದ್ದ ನದಿ. ಎರಡಕ್ಕೂ ನೋಟಿಸು ಜಾರಿ ಮಾಡುವುದು ಒಳ್ಳೆಯದು.

ಸಹಿ ಹಾಕುವ ದಿನದ ಬಗ್ಗೆ ತಕರಾರಿಲ್ಲ, ಫೆಬ್ರುವರಿ 18. ಜಾಗದ್ದೇ ತಲೆನೋವು. ತುಮಕೂರು ಆಗದು, ಅದು ಬುಗುಡನಹಳ್ಳಿಯಿಂದ ಕುಡಿಯುವ ಪಾರ್ಟಿ. ಬೆಂಗಳೂರು ಮೊದಲೇ ಆಗದು. ಹುಡುಕಿ ಹುಡುಕಿ ನನಗೆ ಹೊಳೆದದ್ದು ದಾಬಸ್‌ಪೇಟೆ. ಬ್ರಿಟಿಷ್ ಕಮಿಷನ್ ಆಡಳಿತದಲ್ಲಿ ಈ ಸೀಮೆಯನ್ನು ನೋಡಿಕೊಂಡಿದ್ದ ಡಾಬ್ಸ್ ಸಾಹೇಬರ ಹೆಸರಿನ ಊರು, ಜಿಲ್ಲೆಯೂ ಬೇರೆ, ಇಬ್ಬರಿಗೂ ಸಮಾನ ಪರಕೀಯ. ಕರಡು ಸಿದ್ಧವಿದೆ, ಪೆನ್ನೂ ಇದೆ. ಅಂದಿನ ಸಭೆಗೆ ಕುಡಿಯುವ ನೀರು ಯಾವ ತಾಲ್ಲೂಕಿನವರು ತರಬೇಕು ಎಂಬುದೊಂದು ಇತ್ಯರ್ಥವಾಗಿಲ್ಲ. ಅದನ್ನು ಪಂಚರಿಗೆ ಒಪ್ಪಿಸಲಾಗಿದೆ.